ಮುರಿದ ಎಲುಬಿಗೆ ರಾಡೋ ಪ್ಲೇಟೋ? ಸರಿಯಾಗಿ ಗೊತ್ತಿದ್ದವರು ಹೇಳಿ

ಅಡಿಕೆ_ಅಂಗಳ • ಸಿರ್ಸಿ
ಅಡಿಕೆಯ ಕೊನೆಕೊಯ್ಲು ಶುರುವಾಯಿತೆಂದರೆ ಮರದಿಂದ ಬಿದ್ದ ಸುದ್ದಿಯೂ ಬರ್ತದೆ. ಈ ಸಲ ಪಕ್ಕದ ತೋಟದಲ್ಲಿ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರೊಬ್ಬರು ಜಾರಿ ಬಿದ್ದು ಮಂಡಿಯ ಕೆಳಗಿನ ದೊಡ್ಡ ಎಲುಬು, ಟಿಬಿಯಾ, ನಟ್ಟನಡುವೆ ಎರಡು ತುಂಡಾಗಿದೆ. ಪಕ್ಕದ ಸಣ್ಣ ಎಲುಬು ಫಿಬುಲಾ ಕೂಡ ಮುರಿದಿದೆ. ಚರ್ಮ ಹರಿದಿಲ್ಲ. ವಯಸ್ಸು 34, ಸಕ್ಕರೆ ಕಾಯಿಲೆ ಇಲ್ಲ, ಎಲೆಯಡಿಕೆಗೆ ತಂಬಾಕು ಸೇರಿಸುವ ಅಭ್ಯಾಸ ಇದೆ. ಸದ್ಯ ಸ್ಲ್ಯಾಬ್ (ಅರ್ಧ ಪ್ಲಾಸ್ಟರ್) ಹಾಕಿದ್ದಾರೆ.
ಒಂದು ಕಡೆ ರಾಡ್ ಅಂದರು. ಮನೆಯವರು ಎಕ್ಸ್-ರೇ ಹಿಡಿದು ಇನ್ನೊಂದು ಕಡೆ ಹೋದರೆ ಪ್ಲೇಟ್ ಕೂಡ ಆಗ್ತದೆ ಅಂದರು. ರಾಡ್ ಎಂದರೆ ನಿಜವಾಗಿ ಏನು ಮಾಡ್ತಾರೆ, ಪ್ಲೇಟಿಗೂ ಅದಕ್ಕೂ ಏನು ವ್ಯತ್ಯಾಸ? ಟೈಟಾನಿಯಂ ಬೇಕೇ ಬೇಕಾ, ಸ್ಟೀಲ್ ಸಾಲುವುದಿಲ್ಲವಾ? ಮುಂದೆ ಅದನ್ನು ತೆಗೆಸಬೇಕಾ? ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಕೆಲಸ ಗೊತ್ತಿದ್ದವರು ಬಿಡಿಸಿ ಬರೆಯಿರಿ.

ದೇವಿಮನೆ_ಘಟ್ಟ
ದೊಡ್ಡವರಲ್ಲಿ ಟಿಬಿಯಾದ ನಡುಭಾಗ ಮುರಿದು, ಚರ್ಮ ಹರಿಯದೆ, ತುಂಡುಗಳು ಜರುಗಿದ್ದರೆ ಮೊದಲ ಆಯ್ಕೆ ಇಂಟರ್‌ಲಾಕಿಂಗ್ ನೇಲ್, ಎಂದರೆ ಎರಡೂ ತುದಿಗೆ ಸ್ಕ್ರೂ ಹಾಕಿ ಬಿಗಿಯುವ ಉದ್ದ ಲೋಹದ ಕಡ್ಡಿ. ನಮ್ಮ ಕಡೆ ಜನ ರಾಡ್ ಅನ್ನುವುದು ಅದಕ್ಕೇ. ಉದ್ದ ಎಲುಬಿನ ಒಳಗೆ ಮಜ್ಜೆಯ ಪೊಳ್ಳು ಇರ್ತದೆ, ನೇಲ್ ಅದರೊಳಗೆ ಕೂರ್ತದೆ. ಭಾರ ಹರಿಯುವ ಗೆರೆಯ ಮೇಲೇ ಲೋಹ ಇರುವುದರಿಂದ ಅದರ ಮೇಲೆ ಬಾಗುವ ಒತ್ತಡ ಕಡಿಮೆ. ಪ್ಲೇಟ್ ಎಂದರೆ ತೂತುಗಳಿರುವ ಲೋಹದ ಪಟ್ಟಿ, ಸ್ಕ್ರೂ ಬಿಗಿದು ಎಲುಬಿನ ಪಕ್ಕದಲ್ಲಿ ಕೂರ್ತದೆ, ಹೆಜ್ಜೆ ಊರಿದಾಗೆಲ್ಲ ಬಾಗಲು ನೋಡ್ತದೆ.
ಮಾಡುವ ಕ್ರಮ ಹೀಗೆ. ಮಂಡಿ ಮಡಚಿಸಿ, ಚಿಪ್ಪಿನ ಕೆಳಗೆ ಸಣ್ಣದಾಗಿ ಕೊಯ್ದು, ಎಲುಬಿನ ಮೇಲ್ತುದಿಗೆ ಆಲ್ ಎಂಬ ಮೊನಚು ಸಲಕರಣೆಯಿಂದ ದಾರಿ ಮಾಡ್ತಾರೆ. ಆ ದಾರಿಯಲ್ಲಿ ಗೈಡ್ ವೈರ್ ಇಳಿಸಿ, ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರದ ಪರದೆಯಲ್ಲಿ ನೋಡುತ್ತ ಮುರಿದ ಜಾಗ ದಾಟಿಸಿ ಹಿಮ್ಮಡಿಗಂಟಿನ ಮೇಲಿನವರೆಗೆ ಒಯ್ಯುತ್ತಾರೆ. ಆಮೇಲೆ ಪೊಳ್ಳನ್ನು ಕೊರೆದು ಅಗಲ ಮಾಡುವ ರೀಮರ್. 8 ಅಥವಾ 8.5 ಮಿ.ಮೀ.ಯಿಂದ ಶುರು ಮಾಡಿ ಅರ್ಧರ್ಧ ಮಿ.ಮೀ. ಏರಿಸುತ್ತಾರೆ. ಎಲುಬಿನ ಗಟ್ಟಿ ಗೋಡೆ ತಾಗಿ ರೀಮರ್ ಕರಕರ ಅನ್ನಲು ಶುರುವಾದ ಮೇಲೆ ಇನ್ನು ಒಂದು ಮಿ.ಮೀ. ಆಸುಪಾಸು ಮುಂದೆ ಹೋಗಿ ನಿಲ್ಲಿಸ್ತಾರೆ. ಕೊನೆಯ ರೀಮರ್‌ಗಿಂತ 1ರಿಂದ 1.5 ಮಿ.ಮೀ. ಸಪೂರ ನೇಲ್ ಒಳಗೆ ಹೋಗ್ತದೆ. ಮೇಲಿನ ಸ್ಕ್ರೂಗಳಿಗೆ ತೂತಿನ ಜಾಗ ತೋರಿಸುವ ಜಿಗ್ ಎಂಬ ಸಲಕರಣೆ ಇದೆ. ಕೆಳಗಿನದನ್ನು ಸಿ-ಆರ್ಮ್‌ನಲ್ಲಿ ನೇಲಿನ ತೂತು ಸರಿಯಾದ ದುಂಡಗೆ ಕಾಣುವವರೆಗೆ ಕಾಲನ್ನೋ ಯಂತ್ರವನ್ನೋ ತಿರುಗಿಸಿ, ಕೈ ಅಂದಾಜಿನಲ್ಲೇ ಡ್ರಿಲ್ ಮಾಡಬೇಕು. ಮುರಿದ ಜಾಗವನ್ನು ತೆರೆಯುವುದೇ ಇಲ್ಲ, ಅಲ್ಲಿನ ಹೆಪ್ಪುಗಟ್ಟಿದ ರಕ್ತ ಹಾಗೇ ಉಳೀತದೆ. ಎಲುಬು ಕೂಡುವ ಕೆಲಸ ಶುರುವಾಗುವುದೇ ಆ ಹೆಪ್ಪಿನಲ್ಲಿ.

ಗೋಕರ್ಣ_ಗಾಳಿ
ಹಾಗಾದರೆ ಎರಡನೆಯವರು ಪ್ಲೇಟ್ ಅಂದದ್ದು ತಪ್ಪಾ?

ದೇವಿಮನೆ_ಘಟ್ಟ
ತಪ್ಪು ಅಂತ ಹೇಳಲಾಗುವುದಿಲ್ಲ. ಮುರಿತದ ಗೆರೆ ಮಂಡಿ ಅಥವಾ ಹಿಮ್ಮಡಿಗಂಟಿನ ಹತ್ತಿರ ಇಳಿದಿದ್ದರೆ ನೇಲಿಗೆ ಹಿಡಿತ ಸಿಗುವುದಿಲ್ಲ. ಅಲ್ಲಿ ಪೊಳ್ಳು ಅಗಲ, ನೇಲ್ ಅತ್ತಿತ್ತ ಓಲಾಡ್ತದೆ. ಎಲುಬಿನ ಪೊಳ್ಳು ತೀರಾ ಕಿರಿದಾಗಿದ್ದರೆ, ಹಳೆಯ ಮುರಿತದಿಂದ ಸೊಟ್ಟಗಾಗಿದ್ದರೆ, ಮಂಡಿಯಲ್ಲಿ ಬೇರೆ ಲೋಹ ಇದ್ದರೂ ಪ್ಲೇಟೇ. ಇಲ್ಲಿ ಹೇಳಿದ ಹಾಗೆ ನಟ್ಟನಡುವೆ ಇದ್ದರೆ ನನ್ನ ಮತ ನೇಲ್.

ಅಘನಾಶಿನಿ_ದಡ
ಒಪ್ಪುವುದಿಲ್ಲ. ಪ್ಲೇಟ್ ಹಾಕಿದರೆ ತುಂಡುಗಳನ್ನು ಕಣ್ಣಾರೆ ನೋಡಿ ಕೂದಲೆಳೆ ಸಂದಿಲ್ಲದೆ ಕೂಡಿಸ್ತಾರೆ. ನೇಲಿನಲ್ಲಿ ಸಂದು ಉಳೀತದೆ, ಎಲುಬು ಅಲುಗಾಡ್ತದೆ. ಬಿಗಿಯಾಗಿ ಕೂತದ್ದೇ ಬೇಗ ಕೂಡುವುದಲ್ಲವಾ?

ಕಾಳಿ_ಸಂಗಮ • ಕಾರವಾರ
ಬಿಗಿ ಇದ್ದಷ್ಟೂ ಬೇಗ ಅನ್ನುವುದು ತಪ್ಪು ತಿಳಿವಳಿಕೆ, ಬಹಳ ಜನರಿಗೆ ಇದೆ. ಎಲುಬು ಎರಡು ಬಗೆಯಲ್ಲಿ ಕೂಡ್ತದೆ. ತುಂಡುಗಳನ್ನು ಸಂದಿಲ್ಲದೆ ಒತ್ತಿ ಹಿಡಿದರೆ ಕ್ಯಾಲಸ್ ಅನ್ನುವ ಗಡ್ಡೆ ಬರದೆ, ಒಂದು ತುದಿಯಿಂದ ಇನ್ನೊಂದಕ್ಕೆ ಹೊಸ ಎಲುಬು ನೇರ ನುಗ್ತದೆ. ಇದು ನಿಧಾನದ ಕೆಲಸ. ಸ್ವಲ್ಪ ಅಲುಗಾಟ ಇದ್ದರೆ ಸುತ್ತ ಕ್ಯಾಲಸ್ ಕಟ್ಟಿ ಕೂಡ್ತದೆ. ನೇಲ್ ಹಾಕಿದಾಗ ಆಗುವುದು ಈ ಎರಡನೆಯದು.
ಎಷ್ಟು ಅಲುಗಾಟ ಎನ್ನುವುದಕ್ಕೆ ಸ್ವಿಟ್ಜರ್ಲೆಂಡಿನ ಸ್ಟೀಫನ್ ಪೆರೆನ್ ಕೊಟ್ಟ ಲೆಕ್ಕ ಇದೆ. ಸಂದು ಎಷ್ಟಿದೆಯೋ ಅದರಲ್ಲಿ ಅಲುಗಾಟ ಶೇಕಡಾ ಎಷ್ಟು ಅಂತ ನೋಡಬೇಕು. ಗಟ್ಟಿ ಎಲುಬಿನ ಅಂಗಾಂಶ ಶೇ. 2ರವರೆಗೆ ತಡೀತದೆ, ಮೃದ್ವಸ್ಥಿ ಶೇ. 10ರವರೆಗೆ, ಮೊದಲು ಬೆಳೆಯುವ ಎಳೆ ಅಂಗಾಂಶ ಶೇ. 100ರವರೆಗೆ. ಈಗ ಲೆಕ್ಕ ಹಾಕಿ: 1 ಮಿ.ಮೀ. ಸಂದಿನಲ್ಲಿ 0.1 ಮಿ.ಮೀ. ಅಲುಗಿದರೆ ಶೇ. 10. ಅದೇ 0.1 ಮಿ.ಮೀ. ಅಲುಗಾಟ ಚೂರು ಚೂರಾದ ಎಲುಬಿನ 10 ಮಿ.ಮೀ. ಉದ್ದಕ್ಕೆ ಹಂಚಿಹೋದರೆ ಶೇ. 1. ಹಾಗಾಗಿ ಚೂರಾದ ಎಲುಬಿಗೆ ಅಲುಗಾಟ ಪರವಾಗಿಲ್ಲ. ಅಪಾಯ ಇರುವುದು ಎರಡೇ ತುಂಡಾಗಿದ್ದು, ಪ್ಲೇಟ್ ಹಾಕಿಯೂ 1 ಮಿ.ಮೀ. ಸಂದು ಬಿಟ್ಟಾಗ. ಅದು ಒತ್ತಿ ಹಿಡಿದದ್ದೂ ಅಲ್ಲ, ಕ್ಯಾಲಸ್‌ಗೆ ಎಡೆ ಕೊಟ್ಟದ್ದೂ ಅಲ್ಲ. ಪ್ಲೇಟ್ ಮುರಿದು ವಾಪಸ್ ಬರುವವರಲ್ಲಿ ಈ ಗುಂಪು ದೊಡ್ಡದು.

ಅಘನಾಶಿನಿ_ದಡ
ಸರಿ, ಅದು ಗೊತ್ತಿರಲಿಲ್ಲ. ಮತ್ತೆ ಮುಂಗೈಗೆ ಯಾಕೆ ಯಾವಾಗಲೂ ಪ್ಲೇಟೇ ಹಾಕ್ತಾರೆ?

ದೇವಿಮನೆ_ಘಟ್ಟ
ಅಲ್ಲಿ ನಿಮ್ಮ ವಾದ ಸರಿ. ಮುಂಗೈಯ ರೇಡಿಯಸ್ ಮತ್ತು ಅಲ್ನಾ ಎರಡೂ ಸೇರಿ ಒಂದು ಕೀಲು ಇದ್ದ ಹಾಗೆ ಕೆಲಸ ಮಾಡ್ತವೆ. ಅಂಗೈ ಮೇಲೆ ಕೆಳಗೆ ತಿರುಗುವುದು ರೇಡಿಯಸ್‌ನ ಬಿಲ್ಲಿನಂಥ ಬಾಗು ಉಳಿದರೆ ಮಾತ್ರ. ಆದ್ದರಿಂದ ದೊಡ್ಡವರಲ್ಲಿ 3.5 ಮಿ.ಮೀ. ಪ್ಲೇಟ್, ಮುರಿತದ ಎರಡೂ ಬದಿ ಕಡಿಮೆಯೆಂದರೆ ಆರು ಕಾರ್ಟೆಕ್ಸ್ (ಎಲುಬಿನ ಗಟ್ಟಿ ಗೋಡೆ) ಹಿಡಿತ. ಒಂದು ಸ್ಕ್ರೂ ಎರಡು ಗೋಡೆ ಹಿಡಿಯುವುದರಿಂದ ಮೂರು ಮೂರು ಸ್ಕ್ರೂ. ಎರಡು ಎಲುಬಿಗೆ ಎರಡು ಬೇರೆ ಬೇರೆ ಕಡೆ ಕೊಯ್ಯಬೇಕು. ಒಂದೇ ಗಾಯದಿಂದ ಎರಡನ್ನೂ ಮಾಡಿದರೆ ನಡುವೆ ಎಲುಬು ಬೆಳೆದು ಎರಡೂ ಅಂಟಿಕೊಳ್ಳುವ ಅಪಾಯ ಇದೆ. ಆಗ ಕೈ ತಿರುಗುವುದೇ ಇಲ್ಲ.
ಕೀಲಿನ ಒಳಗೆ ಹೋದ ಮುರಿತಕ್ಕೂ ಇದೇ ನ್ಯಾಯ. ಕೀಲಿನ ನುಣುಪು ಮೇಲ್ಮೈಯಲ್ಲಿ ಮೆಟ್ಟಿಲು ಉಳಿದರೆ ಸವೆತ ಬೇಗ ಬರ್ತದೆ, ಅಲ್ಲಿ ಕರಾರುವಾಕ್ಕಾಗಿ ಕೂಡಿಸಬೇಕು.

ಕುಮಟಾ_ಓಟಿ
ಪ್ಲೇಟಿನ ವಿಷಯ ಬಂತು, ಕೆಲಸದ ವಿವರ ಬರೀತೇನೆ. ಓಟಿಯಲ್ಲಿ (ಆಪರೇಶನ್ ಕೋಣೆಯಲ್ಲಿ) ಎರಡು ಸೆಟ್. ಸಣ್ಣ ಎಲುಬಿನ ಸ್ಮಾಲ್ ಫ್ರಾಗ್ಮೆಂಟ್ ಸೆಟ್ಟಿನಲ್ಲಿ 3.5 ಮಿ.ಮೀ. ಕಾರ್ಟಿಕಲ್ (ಗಟ್ಟಿ ಗೋಡೆ ಹಿಡಿಯುವ) ಸ್ಕ್ರೂ, ಅದಕ್ಕೆ 2.5 ಡ್ರಿಲ್ ಬಿಟ್. ದೊಡ್ಡ ಎಲುಬಿನ ಲಾರ್ಜ್ ಫ್ರಾಗ್ಮೆಂಟ್ ಸೆಟ್ಟಿನಲ್ಲಿ 4.5 ಸ್ಕ್ರೂ, 3.2 ಬಿಟ್. ತಲೆ ಪ್ಲೇಟಿಗೇ ತಿರುಪಿ ಕೂರುವ ಲಾಕಿಂಗ್ ಸ್ಕ್ರೂ ಆದರೆ ಬೇರೆ: 3.5ಕ್ಕೆ 2.8 ಬಿಟ್, 5.0ಕ್ಕೆ 4.3 ಬಿಟ್. ಇವು ಅದಲು ಬದಲಾದರೆ ಒಂದೋ ಸ್ಕ್ರೂ ಸಡಿಲ, ಇಲ್ಲವೇ ತಿರುಗಿಸುವಾಗಲೇ ತಲೆ ಹರಿದುಹೋಗ್ತದೆ.
ಓರೆಯಾಗಿ ಮುರಿದಿದ್ದರೆ ಲಾಗ್ ಸ್ಕ್ರೂ. ಹತ್ತಿರದ ಗೋಡೆಗೆ 3.5 ತೂತು, ದೂರದ ಗೋಡೆಗೆ 2.5. ಹತ್ತಿರದ ತೂತಿನಲ್ಲಿ ಸ್ಕ್ರೂ ಹಿಡಿಯದೆ ಜಾರ್ತದೆ, ದೂರದ್ದರಲ್ಲಿ ಹಿಡೀತದೆ, ಎರಡು ತುಂಡು ಒಂದಕ್ಕೊಂದು ಒತ್ತಿಕೊಳ್ತವೆ. ಲಾಗ್ ಮೊದಲು, ಲಾಕ್ ಆಮೇಲೆ. ಲಾಕಿಂಗ್ ಸ್ಕ್ರೂ ಒಮ್ಮೆ ಕೂತ ಮೇಲೆ ತುಂಡನ್ನು ಎಳೆದು ಹತ್ತಿರ ತರಲಾಗುವುದಿಲ್ಲ, ಸಂದು ಇದ್ದರೆ ಸಂದೇ ಲಾಕ್ ಆಗ್ತದೆ.
ಡ್ರಿಲ್ ಮಾಡುವಾಗ ಸಲೈನ್ ಬಿಡುತ್ತಲೇ ಇರಬೇಕು. ಎಲುಬಿಗೆ 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ನಿಮಿಷ ತಾಗಿದರೆ ಆ ಜಾಗ ಸಾಯಲು ಶುರು. ಮೊಂಡಾದ ಬಿಟ್‌ನಲ್ಲಿ ಒತ್ತಿ ಒತ್ತಿ ಕೊರೆದರೆ ಆ ಬಿಸಿ ಸುಲಭದಲ್ಲಿ ಬರ್ತದೆ, ಸತ್ತ ಎಲುಬಿನಲ್ಲಿ ಸ್ಕ್ರೂ ಕೆಲವು ವಾರಕ್ಕೆ ಸಡಿಲ. ಬಿಟ್ ಬದಲಿಸಿ ಎಂದು ಓಟಿಯವರು ಹೇಳಿದರೆ ಅದು ಸಬೂಬಲ್ಲ.

ಕಾಳಿ_ಸಂಗಮ • ಕಾರವಾರ
ಚೆನ್ನಾಗಿ ಹೇಳಿದಿರಿ. ಒಂದು ಸೇರಿಸ್ತೇನೆ. ಪ್ಲೇಟಿನಲ್ಲಿ ತೂತು ಇದ್ದಷ್ಟೂ ಸ್ಕ್ರೂ ತುಂಬಬೇಕು ಅಂತಿಲ್ಲ. ಚೂರಾದ ಜಾಗವನ್ನು ಲಾಕಿಂಗ್ ಪ್ಲೇಟಿನಿಂದ ದಾಟಿಸುವಾಗ ಅರ್ಧಕ್ಕಿಂತ ಕಡಿಮೆ ತೂತುಗಳಿಗೆ ಸ್ಕ್ರೂ ಹಾಕಿ, ಮುರಿತದ ಎದುರಿನ ಎರಡು ಮೂರು ತೂತು ಖಾಲಿ ಬಿಡ್ತಾರೆ. ಬಾಗುವಿಕೆ ಆ ಉದ್ದಕ್ಕೆ ಹಂಚಿಹೋಗ್ತದೆ. ಎಲ್ಲ ತುಂಬಿದರೆ ಒಂದೇ ತೂತಿನ ಮೇಲೆ ಬಂದು ಬೀಳ್ತದೆ. ಕಟ್ಟುವ ತಂತಿಯನ್ನು ಒಂದೇ ಕಡೆ ಹಿಂದೆ ಮುಂದೆ ಬಗ್ಗಿಸಿದರೆ ತುಂಡಾಗುವ ಹಾಗೆ ಪ್ಲೇಟ್ ಅಲ್ಲೇ ತುಂಡಾಗ್ತದೆ. ಎಕ್ಸ್-ರೇ ನೋಡಿ 'ಇಷ್ಟು ತೂತು ಖಾಲಿ, ದುಡ್ಡು ಉಳಿಸಿದ್ದಾರೆ' ಎಂದು ದೂರುವವರು ಇದನ್ನು ಓದಬೇಕು.

ಅಡಿಕೆ_ಅಂಗಳ • ಸಿರ್ಸಿ
ಎಷ್ಟು ಚೆನ್ನಾಗಿ ಬಿಡಿಸಿ ಬರೆದಿರಿ, ಉಪಕಾರ ಆಯಿತು. ಪಕ್ಕದ ಸಣ್ಣ ಎಲುಬೂ ಮುರಿದಿದೆಯಲ್ಲ, ಅದಕ್ಕೆ ಏನೂ ಹಾಕುವುದಿಲ್ಲ ಅಂದರಂತೆ. ಮನೆಯವರಿಗೆ ಅದೇ ಚಿಂತೆ.

ದೇವಿಮನೆ_ಘಟ್ಟ
ಚಿಂತೆ ಬೇಡ. ಫಿಬುಲಾ ಹೊರುವ ಭಾರ ಬಹಳ ಸಣ್ಣ ಪಾಲು. ನಡುಭಾಗದಲ್ಲಿ ಮುರಿದರೆ ಅದರಷ್ಟಕ್ಕೆ ಬಿಡ್ತಾರೆ. ಹಿಮ್ಮಡಿಗಂಟಿನ ಬಳಿ ಮುರಿದು ಗಂಟು ಸಡಿಲಾಗಿದ್ದರೆ ಮಾತ್ರ ಪ್ಲೇಟ್ ಬೇಕು. ಇನ್ನೂ ಒಂದು: ಫಿಬುಲಾ ಬೇಗ ಕೂಡಿ ಟಿಬಿಯಾ ಕೂಡದೆ ಉಳಿದರೆ, ಈ ಸಣ್ಣ ಎಲುಬೇ ಊರುಗೋಲಾಗಿ ಸಂದು ಮುಚ್ಚದಂತೆ ತಡೀತದೆ. ಆಗ ಫಿಬುಲಾದ ಒಂದು ತುಣುಕನ್ನು ಬೇಕೆಂದೇ ಕತ್ತರಿಸಿ ತೆಗೆಯುವುದೂ ಉಂಟು.

ಬೈತಕೋಲ_ಬಂದರು
ನಮ್ಮ ಕಡೆ ಕೇಳುವುದು ಬೇರೆ. ಕಡಲಿನ ಕೆಲಸ, ದಿನವಿಡೀ ಉಪ್ಪುನೀರು, ಉಪ್ಪುಗಾಳಿ. ಸ್ಟೀಲ್ ಪ್ಲೇಟ್ ಹಾಕಿದರೆ ತುಕ್ಕು ಹಿಡೀತದೆ, ಟೈಟಾನಿಯಂ ಹಾಕಿಸಿ ಅಂತ ಎಲ್ಲರೂ ಹೇಳ್ತಾರೆ. ದೋಣಿಯ ಸ್ಟೀಲ್ ಸಾಮಾನಿಗೆ ಆಗುವುದು ನೋಡ್ತೇವಲ್ಲ.

ಕಾಳಿ_ಸಂಗಮ • ಕಾರವಾರ
ಅಣ್ಣ, ಹೊರಗಿನ ಉಪ್ಪುಗಾಳಿಗೂ ಒಳಗಿನ ಪ್ಲೇಟಿಗೂ ಸಂಬಂಧ ಇಲ್ಲ. ಮೈಯೊಳಗೇ ಉಪ್ಪುನೀರು ಇದೆ, ಸಿರ್ಸಿಯವರಿಗೂ ಕಾರವಾರದವರಿಗೂ ಒಂದೇ. ಆ ಉಪ್ಪಿಗೆ ತಾಳಲೆಂದೇ 316ಎಲ್ ಸ್ಟೀಲ್. ಅಡುಗೆ ಪಾತ್ರೆಗೆ ಸಾಮಾನ್ಯವಾಗಿ ಬಳಸುವ 304ರಲ್ಲಿ ಇಲ್ಲದ ಮಾಲಿಬ್ಡಿನಂ ಇದರಲ್ಲಿ ಶೇ. 2ಕ್ಕಿಂತ ಹೆಚ್ಚು ಇದೆ. ಇಂಗಾಲ ಶೇ. 0.03 ಮೀರಬಾರದು. ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ ಕಟ್ಟಿ ಅದೇ ಕಾಯ್ತದೆ. ಆ ಪೊರೆ ಗೀರಿಹೋದ ಜಾಗದಲ್ಲಿ, ಸ್ಕ್ರೂ ತಲೆಗೂ ಪ್ಲೇಟಿಗೂ ಉಜ್ಜುವ ಕಡೆ, ಸ್ಟೀಲ್ ಪ್ಲೇಟಿಗೆ ಟೈಟಾನಿಯಂ ಸ್ಕ್ರೂ ಬೆರೆಸಿದಾಗ ಸವಕಳಿ ಬರ್ತದೆ. ಒಂದು ಪ್ಲೇಟಿಗೆ ಒಂದೇ ಲೋಹ, ಒಂದೇ ಕಂಪನಿಯ ಸೆಟ್ ಎಂದು ಓಟಿಯಲ್ಲಿ ಹಠ ಮಾಡುವುದು ಅದಕ್ಕೇ.
ಟೈಟಾನಿಯಂನ ಲಾಭ ಬೇರೆ ಕಡೆ ಇದೆ. ಸ್ಟೀಲಿನ ಬಿಗಿತ ಸುಮಾರು 190ರಿಂದ 200 ಗಿಗಾಪ್ಯಾಸ್ಕಲ್, ಟೈಟಾನಿಯಂನದು 110 ಆಸುಪಾಸು, ಗಟ್ಟಿ ಎಲುಬಿನದು 20ರ ಒಳಗೆ. ಟೈಟಾನಿಯಂ ಎಲುಬಿನ ಜತೆ ಸ್ವಲ್ಪ ಹೆಚ್ಚು ಬಾಗ್ತದೆ. ನಿಕ್ಕಲ್ ಅಲರ್ಜಿ ಇದ್ದವರಿಗೆ, ಮುಂದೆ ಆ ಜಾಗದ ಎಂಆರ್‌ಐ ಬೇಕಾಗುವವರಿಗೆ ಅನುಕೂಲ. ಅದರ ದೋಷ ಏನೆಂದರೆ ಗೀರು ಬಿದ್ದರೆ, ಹಿಂದೆ ಮುಂದೆ ಬಗ್ಗಿಸಿದರೆ ಬಿರುಕು ಬಿಡುವುದು ಬೇಗ. ಸಾಮಾನ್ಯ ಮುರಿತಕ್ಕೆ ಒಳ್ಳೆಯ ಸ್ಟೀಲ್ ಸಾಕು. ಸಾಲ ಮಾಡಿ ಟೈಟಾನಿಯಂ ಹಾಕಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಗೋಕರ್ಣ_ಗಾಳಿ
ಸ್ಟೀಲ್ ಇದ್ದರೆ ಎಂಆರ್‌ಐ ಆಗುವುದೇ ಇಲ್ಲ ಅಂತಾರಲ್ಲ?

ಕುಮಟಾ_ಓಟಿ
ಆಗ್ತದೆ. 316ಎಲ್‌ಗೆ ಅಯಸ್ಕಾಂತ ಹಿಡಿಯುವುದಿಲ್ಲ. ಲೋಹದ ಸುತ್ತ ಚಿತ್ರ ಕೆಡ್ತದೆ ಅಷ್ಟೇ, ಸ್ಟೀಲಿನಲ್ಲಿ ಹೆಚ್ಚು, ಟೈಟಾನಿಯಂನಲ್ಲಿ ಕಡಿಮೆ. ಡಿಸ್ಚಾರ್ಜ್ ಕಾಗದಕ್ಕೆ ಇಂಪ್ಲಾಂಟಿನ ಸ್ಟಿಕ್ಕರ್ ಅಂಟಿಸಿಕೊಡಿ ಎಂದು ಕೇಳಿ. ಕಂಪನಿ, ಅಳತೆ, ಲೋಹ, ಲಾಟ್ ನಂಬರ್ ಎಲ್ಲ ಅದರಲ್ಲಿ ಇರ್ತದೆ. ಸ್ಕ್ಯಾನ್ ಮಾಡುವವರಿಗೂ ಅದನ್ನು ತೋರಿಸಿ.
ಖರ್ಚಿನ ಮಾತು ಬಂತಲ್ಲ, ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಪ್ಯಾಕೇಜಿನಲ್ಲಿ ಇಂಪ್ಲಾಂಟ್ ಸೇರಿದೆಯಾ, ಯಾವ ಲೋಹ ಎಂದು ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರ ಹತ್ತಿರ ಆಪರೇಶನ್ನಿಗೆ ಮೊದಲೇ ಕೇಳಿಕೊಳ್ಳಿ.

ಯಾಣ_ಹಾದಿ
ಇಷ್ಟೆಲ್ಲ ಯಾಕೆ? ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟಿ, ಸೊಪ್ಪು ಅರೆದು ಹಚ್ಚಿ ಎಷ್ಟೋ ಕೈಕಾಲು ಸರಿ ಮಾಡಿಲ್ಲವಾ? ಎಲುಬಿಗೆ ತಾನಾಗಿ ಕೂಡುವ ಗುಣ ಇದೆ.

ದೇವಿಮನೆ_ಘಟ್ಟ
ಎಲುಬಿಗೆ ಕೂಡುವ ಗುಣ ಇದೆ ಎಂಬುದು ಪೂರಾ ಸತ್ಯ. ಲೋಹ ಕೂಡಿಸುವುದಿಲ್ಲ, ಎಲುಬು ಕೂಡುವವರೆಗೆ ಹಿಡಿದಿಡ್ತದೆ. ಜರುಗದ ಮುರಿತ ದಬ್ಬೆಯಲ್ಲೂ ಕೂಡ್ತದೆ, ಪ್ಲಾಸ್ಟರಿನಲ್ಲೂ ಕೂಡ್ತದೆ. ಕಾಲರ್‌ಬೋನ್ ಮುರಿತದಲ್ಲಿ ಹೆಚ್ಚಿನವು ಜೋಳಿಗೆಯಲ್ಲೇ ಕೂಡ್ತವೆ. ತುಂಡು 2 ಸೆಂ.ಮೀ.ಯಷ್ಟು ಒಂದರ ಮೇಲೊಂದು ಏರಿದ್ದರೆ ಅಥವಾ ಚರ್ಮವನ್ನು ಒಳಗಿಂದ ಒತ್ತುತ್ತಿದ್ದರೆ ಪ್ಲೇಟಿನ ಯೋಚನೆ.
ಆದರೆ ಮಂಡಿಯ ಕೆಳಗಿನ ಮುರಿತಕ್ಕೆ ಮೊದಲ ದಿನಗಳಲ್ಲಿ ಬಿಗಿ ದಬ್ಬೆ ಕಟ್ಟುವುದನ್ನು ನಾನು ಗಟ್ಟಿಯಾಗಿ ವಿರೋಧಿಸ್ತೇನೆ. ಕಾಲಿನ ಸ್ನಾಯುಗಳು ನಾಲ್ಕು ಬಿಗಿ ಕೋಣೆಗಳಲ್ಲಿ ಇವೆ. ಒಳಗೆ ರಕ್ತ ತುಂಬಿ ಊತ ಏರುವಾಗ ಹೊರಗಿಂದಲೂ ಬಿಗಿದರೆ ರಕ್ತ ಹರಿಯುವುದು ನಿಲ್ತದೆ. ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅನ್ನುವುದು ಅದಕ್ಕೆ. ಕಾಲು ಕಳೆದುಕೊಳ್ಳುವ ದಾರಿ ಅದು. ಗುರುತು ಏನು? ಮುರಿತಕ್ಕೆ ತಕ್ಕದ್ದಕ್ಕಿಂತ ಹೆಚ್ಚು ನೋವು, ಇಂಜೆಕ್ಷನ್ ಕೊಟ್ಟರೂ ಇಳಿಯದ ನೋವು, ಬೇರೆಯವರು ಕಾಲ್ಬೆರಳು ಮೇಲೆ ಎಳೆದರೆ ಕೂಗುವಷ್ಟು ನೋವು. ಪಾದದ ನಾಡಿ ಸಿಗ್ತದೆ ಎಂದು ಸಮಾಧಾನ ಮಾಡಿಕೊಳ್ಳಬಾರದು, ನಾಡಿ ಹೋಗುವುದು ಕಟ್ಟಕಡೆಗೆ. ರಕ್ತದೊತ್ತಡದ ಎರಡು ಅಂಕಿಗಳಲ್ಲಿ ಕೆಳಗಿನದಕ್ಕೂ (ಡಯಾಸ್ಟೊಲಿಕ್) ಸ್ನಾಯುಕೋಣೆಯ ಒತ್ತಡಕ್ಕೂ 30 ಮಿ.ಮೀ. ಪಾದರಸಕ್ಕಿಂತ ಕಡಿಮೆ ಅಂತರ ಉಳಿದರೆ ಕೂಡಲೇ ಕೋಣೆ ತೆರೆಯಬೇಕು. ಗಂಟೆಗಳ ಲೆಕ್ಕ, ದಿನದ್ದಲ್ಲ. ಅಡಿಕೆ ಅಂಗಳದವರೇ, ಸ್ಲ್ಯಾಬ್ ಇದ್ದರೂ ಈ ಗುರುತು ಮನೆಯವರಿಗೆ ಹೇಳಿಕೊಡಿ.

ಯಾಣ_ಹಾದಿ
ಬೆರಳು ಎಳೆದು ನೋಡುವ ವಿಷಯ ಇಲ್ಲಿವರೆಗೆ ಯಾರೂ ಹೇಳಿರಲಿಲ್ಲ. ಸರಿ, ಮೊದಲ ದಿನಗಳ ಬಿಗಿ ಕಟ್ಟಿನ ಮಾತು ಹಿಂದಕ್ಕೆ ತಗೊಳ್ತೇನೆ.

ಅರಬೈಲು_ತಿರುವು
ಹೆದ್ದಾರಿ 66ರಲ್ಲೂ ಘಟ್ಟದಲ್ಲೂ ಆಗುವ ಬೈಕ್ ಅಪಘಾತಗಳಲ್ಲಿ ಎಲುಬು ಚರ್ಮ ಹರಿದು ಹೊರಗೆ ಬಂದಿರ್ತದೆ. ಅದಕ್ಕೂ ನೇರ ರಾಡ್ ಹಾಕಬಹುದಾ? ಅಥವಾ ಹೊರಗಿನಿಂದ ಕಂಬಿ ಕಟ್ಟುವುದೇ ದಾರಿಯಾ?

ಕುಮಟಾ_ಓಟಿ
ಮೊದಲು ರಸ್ತೆಯಲ್ಲಿ ಮಾಡಬೇಕಾದ್ದು. ಹೊರಬಂದ ಎಲುಬನ್ನು ಒಳಗೆ ತಳ್ಳಬೇಡಿ. ಅರಿಶಿಣ, ಕಾಫಿಪುಡಿ, ಸೊಪ್ಪು ಏನೂ ಬೇಡ. ಶುದ್ಧ ಬಟ್ಟೆ ಮುಚ್ಚಿ ಕಟ್ಟಿ. ಮುರಿತದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲುಗದ ಹಾಗೆ ಹಲಗೆಯೋ ರಟ್ಟೋ ಕೊಟ್ಟು ಕಟ್ಟಿ. ನಮ್ಮ ಜಿಲ್ಲೆಯಿಂದ ಮಣಿಪಾಲ, ಹುಬ್ಬಳ್ಳಿ, ಗೋವಾ ಯಾವ ಕಡೆ ಹೊರಟರೂ ಗಂಟೆಗಟ್ಟಲೆ ದಾರಿ. ಆದ್ದರಿಂದ ಹೊರಡುವ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಆಂಟಿಬಯೋಟಿಕ್ ಇಂಜೆಕ್ಷನ್ ಮತ್ತು ಟಿಟಿ ಆಗಲೇಬೇಕು. ಆಂಟಿಬಯೋಟಿಕ್ ಒಂದು ಗಂಟೆಯ ಒಳಗೆ ಸಿಕ್ಕರೆ ಸೋಂಕು ತಡೆಯುವ ಬಲ ಹೆಚ್ಚು. ದೊಡ್ಡ ಆಸ್ಪತ್ರೆ ತಲುಪಿದ ಮೇಲೆ ಕೊಡ್ತಾರೆ ಎಂದು ಬಿಟ್ಟರೆ ಆ ಗಂಟೆ ಘಟ್ಟದಲ್ಲೇ ಕಳೀತದೆ.

ದೇವಿಮನೆ_ಘಟ್ಟ
ಗುಸ್ಟಿಲೋ ಮತ್ತು ಆಂಡರ್ಸನ್ 1976ರಲ್ಲಿ ಮಾಡಿದ ವಿಂಗಡಣೆಯನ್ನೇ ಇವತ್ತೂ ಬಳಸುವುದು. ಗಾಯ 1 ಸೆಂ.ಮೀ.ಗಿಂತ ಸಣ್ಣದು, ಶುದ್ಧವಾಗಿದ್ದರೆ ಮೊದಲ ದರ್ಜೆ. ಸ್ನಾಯು ಜಜ್ಜಿ, ಮಣ್ಣು ಸೇರಿ, ಎಲುಬು ಮುಚ್ಚಲು ಚರ್ಮವೇ ಇಲ್ಲದಿದ್ದರೆ ಮೂರನೆಯದು. ತೊಳೆಯಲು ಸಲೈನ್ ಕೂಡ ದರ್ಜೆಗೆ ತಕ್ಕಂತೆ 3, 6, 9 ಲೀಟರ್ ರೂಢಿ. ಸತ್ತ ಸ್ನಾಯು, ರಕ್ತಸಂಪರ್ಕ ಇಲ್ಲದ ಎಲುಬಿನ ಚೂರು ತೆಗೆಯಬೇಕು. ಮೊದಲೆರಡು ದರ್ಜೆಗೆ ಚೆನ್ನಾಗಿ ತೊಳೆದ ಮೇಲೆ ಅದೇ ದಿನ ನೇಲ್ ಹಾಕುವುದು ಸಾಮಾನ್ಯ. ಮೂರನೆಯದರಲ್ಲಿ ಹೊರಗಿನ ಕಂಬಿ, ಎಂದರೆ ಎಕ್ಸ್‌ಟರ್ನಲ್ ಫಿಕ್ಸೇಟರ್ ಹಾಕಿ, ಪ್ಲಾಸ್ಟಿಕ್ ಸರ್ಜನ್ ಚರ್ಮ ಮುಚ್ಚುವ ದಾರಿ ನೋಡಿ, ಆಮೇಲೆ ಒಳಗಿನ ಲೋಹ. ಕಂಬಿಯ ಪಿನ್ನುಗಳು ತುಂಬಾ ದಿನ ಉಳಿದು ಕೀವಾದ ಮೇಲೆ ನೇಲ್ ಹಾಕಿದರೆ ಆ ಸೋಂಕು ಮಜ್ಜೆಯ ಉದ್ದಕ್ಕೂ ಇಳೀತದೆ. ಬದಲಿಸುವುದಿದ್ದರೆ ಎರಡು ವಾರದ ಒಳಗೆ ಬದಲಿಸುವುದು ಕ್ಷೇಮ.

ಹೊನ್ನಾವರ_ಹೊಳೆ
ಮಕ್ಕಳಿಗೂ ಇದೇ ಕ್ರಮವಾ? ಗೇರುಮರ, ಮಾವಿನಮರ ಹತ್ತಿ ಬೀಳುವ ಮಕ್ಕಳು ಕಡಿಮೆ ಇಲ್ಲ.

ದೇವಿಮನೆ_ಘಟ್ಟ
ಇಲ್ಲ, ಬೇರೆಯೇ. ಮಕ್ಕಳ ಎಲುಬಿನ ತುದಿಯಲ್ಲಿ ಬೆಳೆಯುವ ಪದರ ಇದೆ, ದೊಡ್ಡವರ ನೇಲ್ ಅದನ್ನು ಕೊರೆದುಕೊಂಡೇ ಹೋಗಬೇಕಾಗ್ತದೆ. ಆದ್ದರಿಂದ ಐದಾರು ವರ್ಷದ ಮೇಲಿನ ಮಕ್ಕಳ ತೊಡೆ ಎಲುಬಿಗೆ ಟೆನ್ಸ್ ಎನ್ನುವ ಬಾಗುವ ಟೈಟಾನಿಯಂ ಕಡ್ಡಿಗಳು, ಎರಡು. ಪೊಳ್ಳಿನ ಅತಿ ಕಿರಿದಾದ ಜಾಗದ ಅಗಲದಲ್ಲಿ ಒಂದೊಂದು ಕಡ್ಡಿ ಸುಮಾರು ಶೇ. 40 ಇರಬೇಕು, ಎರಡೂ ಒಂದೇ ದಪ್ಪ. ಒಂದು ಸಪೂರ ಒಂದು ದಪ್ಪ ಹಾಕಿದರೆ ಎಲುಬು ಒಂದು ಕಡೆ ವಾಲ್ತದೆ. ಮೊಣಕೈ ಮೇಲಿನ ಮುರಿತಕ್ಕೆ ಕೆ-ವೈರ್ ಎಂಬ ನಯವಾದ ಸಪೂರ ಲೋಹದ ಕಡ್ಡಿ, 1.6ರಿಂದ 2 ಮಿ.ಮೀ., ತುದಿ ಚರ್ಮದ ಹೊರಗೆ. ಮೂರು ನಾಲ್ಕು ವಾರಕ್ಕೆ ಒಪಿಡಿಯಲ್ಲೇ ಎಳೆದು ತೆಗೀತಾರೆ. ಮೊಣಕೈ ಮುರಿತದಲ್ಲಿ ಎಣ್ಣೆ ಹಚ್ಚಿ ನೀವಿಸುವುದು ಮಾತ್ರ ಬೇಡವೇ ಬೇಡ, ಸ್ನಾಯುವಿನಲ್ಲಿ ಎಲುಬು ಬೆಳೆದು ಕೀಲು ಗಟ್ಟಿಯಾಗ್ತದೆ.

ಬೈತಕೋಲ_ಬಂದರು
ಬಚ್ಚಲಲ್ಲಿ ಜಾರಿ ಬೀಳುವ ಅಜ್ಜಿಯರದ್ದೂ ಹೇಳಿ. ಸೊಂಟ ಮುರೀತು ಅಂತಾರೆ, ಕೆಲವರಿಗೆ ಸ್ಕ್ರೂ, ಕೆಲವರಿಗೆ ಬಾಲ್ ಬದಲಿ.

ದೇವಿಮನೆ_ಘಟ್ಟ
ಎಲ್ಲಿ ಮುರಿದಿದೆ ಎನ್ನುವುದರ ಮೇಲೆ. ತೊಡೆ ಎಲುಬಿನ ಕತ್ತು ಮುರಿದು ಜರುಗಿದರೆ ಮೇಲಿನ ಚೆಂಡಿಗೆ ರಕ್ತ ತಪ್ಪುತ್ತದೆ. ವಯಸ್ಸಾದವರಲ್ಲಿ ಅದು ಕೂಡುವುದು ಕಷ್ಟ, ಚೆಂಡು ಬದಲಿಸಿ ಬೇಗ ನಡೆಸುವುದೇ ಒಳ್ಳೆಯದು. ಯುವಕರಲ್ಲಿ ಉಳಿಸಲು ಮೂರು ಸ್ಕ್ರೂ. ಕತ್ತಿನ ಕೆಳಗೆ ಮುರಿದರೆ ರಕ್ತಕ್ಕೆ ತೊಂದರೆ ಇಲ್ಲ. ಆಗ ಡಿಎಚ್‌ಎಸ್ (ಚೆಂಡಿನೊಳಗೆ ದಪ್ಪ ಸ್ಕ್ರೂ, ಪಕ್ಕದಲ್ಲಿ ಪ್ಲೇಟ್) ಅಥವಾ ಪಿಎಫ್‌ಎನ್ (ಚೆಂಡಿನೊಳಗೆ ಸ್ಕ್ರೂ, ಪೊಳ್ಳಿನಲ್ಲಿ ನೇಲ್). ಇಲ್ಲಿ ಮುಖ್ಯ ಅಳತೆ ಒಂದು: ಸ್ಕ್ರೂ ತುದಿಯಿಂದ ಚೆಂಡಿನ ನೆತ್ತಿಗೆ ಇರುವ ದೂರ, ಎದುರಿನ ಮತ್ತು ಪಕ್ಕದ ಎರಡೂ ಎಕ್ಸ್-ರೇಯಲ್ಲಿ ಅಳೆದು ಕೂಡಿಸಿದರೆ 25 ಮಿ.ಮೀ. ಮೀರಬಾರದು. ಮೀರಿದರೆ ಸ್ಕ್ರೂ ಮೆತ್ತನೆ ಎಲುಬನ್ನು ಸೀಳಿ ಹೊರಗೆ ಬರುವ ಸಂಭವ ಏರ್ತದೆ. ವಯಸ್ಸಾಯಿತು, ಮಲಗಿರಲಿ ಎಂದು ವಾರಗಟ್ಟಲೆ ಬಿಡಬೇಡಿ. ಮಲಗಿದಲ್ಲೇ ಹುಣ್ಣು, ನ್ಯುಮೋನಿಯಾ, ರಕ್ತ ಹೆಪ್ಪು. ಸಾಧ್ಯವಾದರೆ ಎರಡು ದಿನದೊಳಗೆ ಆಪರೇಶನ್ ಆಗಬೇಕು.

ಸಿರ್ಸಿ_ಫಿಸಿಯೋ
ಎಲ್ಲರೂ ಲೋಹದ ಹಿಂದೆ ಬಿದ್ದಿರಿ, ಆಮೇಲಿನದು ಯಾರೂ ಕೇಳಲಿಲ್ಲ. ಟಿಬಿಯಾ ನೇಲ್ ಆದ ಮರುದಿನದಿಂದಲೇ ಹಿಮ್ಮಡಿ ಮೇಲೆ ಕೆಳಗೆ ಆಡಿಸುವುದು, ಎಚ್ಚರ ಇರುವಾಗ ಗಂಟೆಗೊಮ್ಮೆ ಹತ್ತಿಪ್ಪತ್ತು ಸಲ. ಮಂಡಿ ಮಡಚುವುದು, ತೊಡೆ ಸ್ನಾಯು ಬಿಗಿಯುವುದು. ಎರಡೇ ತುಂಡಾಗಿ ಅಡ್ಡಕ್ಕೆ ಮುರಿದಿದ್ದು ಒಳ್ಳೆಯ ದಪ್ಪದ ನೇಲ್ ಕೂತಿದ್ದರೆ ವಾಕರ್ ಹಿಡಿದು ನೋವು ತಡೆಯುವಷ್ಟು ಭಾರ ಮೊದಲ ದಿನಗಳಿಂದಲೇ ಹಾಕಿಸ್ತಾರೆ. ಚೂರಾಗಿದ್ದರೆ ನಾಲ್ಕರಿಂದ ಆರು ವಾರ ಅರೆ ಭಾರ. ಪ್ಲೇಟ್ ಆದರೆ ಆರರಿಂದ ಎಂಟು ವಾರ ಪಾದ ತಾಗಿಸುವಷ್ಟೇ. ಅರೆ ಭಾರ ಎಂದರೆ ಎಷ್ಟು ಎಂದು ಯಾರಿಗೂ ಅಂದಾಜು ಇರುವುದಿಲ್ಲ. ತೂಕದ ಯಂತ್ರದ ಮೇಲೆ ಆ ಕಾಲು ಇಟ್ಟು ಮುಳ್ಳು 15ರಿಂದ 20 ಕಿಲೋಗೆ ಬರುವವರೆಗೆ ಒತ್ತಿ ನೋಡಲಿ, ನಾಲ್ಕು ಸಲ ಮಾಡಿದರೆ ಕಾಲಿಗೆ ನೆನಪು ಉಳೀತದೆ.
ಮಂಡಿ ಮುಂದೆ ನೋವು ನೇಲಿನಲ್ಲಿ ಸಾಮಾನ್ಯ. ಮಂಡಿಯೂರಿ ಕೂರುವಾಗ, ಕಾಲಿಗೆ ತಳೆ ಹಾಕಿ ಮರ ಹತ್ತುವಾಗ ಗೊತ್ತಾಗ್ತದೆ. ಎಕ್ಸ್-ರೇಯ ಎರಡು ಕೋನಗಳಲ್ಲಿ ನಾಲ್ಕು ಗೋಡೆ ಕಾಣ್ತವೆ, ಮೂರರಲ್ಲಾದರೂ ಕ್ಯಾಲಸ್ ಸೇತುವೆ ಕಟ್ಟದೆ ಮರದ ಮಾತೇ ಬೇಡ.
ತಂಬಾಕಿನ ವಿಷಯ ಮೇಲೆ ಹಾರಿಹೋಯಿತು. ನಿಕೋಟಿನ್ ಸಣ್ಣ ರಕ್ತನಾಳ ಕುಗ್ಗಿಸ್ತದೆ, ಟಿಬಿಯಾಕ್ಕೆ ಮೊದಲೇ ರಕ್ತ ಕಡಿಮೆ. ಬೀಡಿಯೇ ಇರಲಿ, ಎಲೆಯಡಿಕೆಯ ತಂಬಾಕೇ ಇರಲಿ, ಎಲುಬು ಕೂಡುವವರೆಗಾದರೂ ಪೂರಾ ಬಿಡಿಸಿ.

ಬೈತಕೋಲ_ಬಂದರು
ಊಟಕ್ಕೆ ತಾರ್ಲೆ ಮೀನಿನ ಸಾರು ಕೊಡಿ, ಮುಳ್ಳು ಸಮೇತ ಅಗಿದು ತಿನ್ನಲಿ, ಕ್ಯಾಲ್ಸಿಯಂ ಅಲ್ಲೇ ಇದೆ.

ಅಡಿಕೆ_ಅಂಗಳ • ಸಿರ್ಸಿ
ಅವರ ಮನೆಯಲ್ಲಿ ಮೀನು ನಡೀತದೆ, ಹೇಳ್ತೇನೆ.

ಸಿರ್ಸಿ_ಫಿಸಿಯೋ
ಮೀನು ತಿನ್ನದವರಿಗೆ ರಾಗಿ, ನೂರು ಗ್ರಾಂಗೆ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ. ಜತೆಗೆ ಎಳ್ಳು, ಹಾಲು, ಮೊಸರು. ಆದರೆ ಕೊರತೆ ಬೀಳುವುದು ಹೆಚ್ಚಾಗಿ ಪ್ರೋಟೀನಿಗೆ. ಗಂಜಿ ಉಪ್ಪಿನಕಾಯಿಯಲ್ಲಿ ಎಲುಬು ಕೂಡುವುದಿಲ್ಲ. ಬೇಳೆ, ಕಾಳು, ಮೊಟ್ಟೆ ದಿನವೂ ಬೇಕು.

ಯಾಣ_ಹಾದಿ
ವಿಷಯ ಬಿಟ್ಟು ಒಂದು ಮಾತು. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲೇ ನಿಂತು ಕೊನೆ ಕೊಯ್ಯಬಹುದು, ಮದ್ದೂ ಹೊಡೆಯಬಹುದು. ಮಳೆಗಾಲದಲ್ಲಿ ಪಾಚಿಗಟ್ಟಿದ ಮರ ಹತ್ತಿಸುವುದು ನಿಂತರೆ ಈ ಚರ್ಚೆಯ ಅರ್ಧ ಬೇಕಾಗುವುದಿಲ್ಲ.

ಕಾಳಿ_ಸಂಗಮ • ಕಾರವಾರ
ಅದೇ ಕಾರ್ಬನ್ ಫೈಬರ್ ಈಗ ಪೀಕ್ ಎಂಬ ಪ್ಲಾಸ್ಟಿಕ್ ಜತೆ ಸೇರಿಸಿ ಪ್ಲೇಟ್, ನೇಲ್ ಮಾಡುವುದಕ್ಕೂ ಬಂದಿದೆ. ಎಕ್ಸ್-ರೇಯಲ್ಲಿ ಅಡ್ಡ ಬರುವುದಿಲ್ಲ, ಎಲುಬಿನ ಟ್ಯೂಮರ್ ಇದ್ದವರಲ್ಲಿ ಒಳ್ಳೆಯ ಉಪಯೋಗ. ದೋಟಿಗೆ ಮಾತ್ರ ಎಚ್ಚರ: ವಿದ್ಯುತ್ ತಂತಿಗೆ ತಾಗಿದರೆ ಕಾರ್ಬನ್ ಫೈಬರ್ ಶಾಕ್ ಹೊಡೀತದೆ.

ಅಘನಾಶಿನಿ_ದಡ
ಕೂಡದೆ ಹೋದರೆ ಮುಂದೇನು? ಒಂಬತ್ತು ತಿಂಗಳಾದರೂ ನಡೆಯುವಾಗ ನೋವು ಅನ್ನುವವರು ಇದ್ದಾರಲ್ಲ.

ದೇವಿಮನೆ_ಘಟ್ಟ
ಒಂಬತ್ತು ತಿಂಗಳು ಕಳೆದು, ಕೊನೆಯ ಮೂರು ತಿಂಗಳಲ್ಲಿ ಎಕ್ಸ್-ರೇಯಲ್ಲಿ ಏನೂ ಮುಂದುವರಿಯದಿದ್ದರೆ ಕೂಡಿಲ್ಲ ಎಂದು ಲೆಕ್ಕ. ಎರಡು ಬಗೆ. ತುದಿಗಳು ಆನೆಪಾದದ ಹಾಗೆ ಅಗಲವಾಗಿ ಕ್ಯಾಲಸ್ ಇದ್ದೂ ನಡುವೆ ಗೆರೆ ಉಳಿದಿದ್ದರೆ ಎಲುಬಿಗೆ ಶಕ್ತಿ ಇದೆ, ಹಿಡಿತ ಸಾಲದು. ಹಳೆ ನೇಲ್ ತೆಗೆದು, ಇನ್ನೂ ರೀಮ್ ಮಾಡಿ, 1ರಿಂದ 2 ಮಿ.ಮೀ. ದಪ್ಪದ್ದು ಹಾಕಿದರೆ ಹೆಚ್ಚಿನವು ಕೂಡ್ತವೆ. ತುದಿಗಳು ಸಪೂರವಾಗಿ ಸತ್ತಂತೆ ಇದ್ದರೆ ಸೊಂಟದ ಎಲುಬಿನಿಂದ ಚೂರು (ಗ್ರಾಫ್ಟ್) ತಂದು ತುಂಬಬೇಕು. ಎರಡಕ್ಕೂ ಮೊದಲು ಸೋಂಕು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಗಾಯ ಒಸರುತ್ತಿದ್ದರೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗಿಸಬೇಡಿ, ಕ್ರಿಮಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಕ್ರಿಮಿ ಸಿಗದೆ ಹೋಗ್ತದೆ. ಮೊದಲ ವಾರಗಳ ಸೋಂಕಿನಲ್ಲಿ ಲೋಹ ಗಟ್ಟಿ ಹಿಡಿದಿದ್ದರೆ ತೆಗೆಯುವ ಅವಸರ ಬೇಡ. ಒಳಗೆ ತೊಳೆದು, ಔಷಧ ಕೊಟ್ಟು, ಕೂಡುವವರೆಗೆ ಉಳಿಸಿಕೊಳ್ಳುವುದು ಮೇಲು, ಅಲುಗಾಡುವ ಎಲುಬಿನಲ್ಲಿ ಸೋಂಕು ಇನ್ನೂ ಹಟ ಹಿಡೀತದೆ.

ಅಡಿಕೆ_ಅಂಗಳ • ಸಿರ್ಸಿ
ತೆಗೆಸುವ ಪ್ರಶ್ನೆ ಉಳಿಯಿತು. ವರ್ಷ ಕಳೆದ ಮೇಲೆ ತೆಗೆಸಲೇಬೇಕು, ಇಲ್ಲದಿದ್ದರೆ ವಿಷ ಆಗ್ತದೆ ಅಂತ ಒಬ್ಬರು ಹೆದರಿಸಿದ್ದಾರೆ.

ಕುಮಟಾ_ಓಟಿ
ವಿಷ ಆಗುವುದಿಲ್ಲ. ದೊಡ್ಡವರಲ್ಲಿ ತೊಂದರೆ ಇಲ್ಲದಿದ್ದರೆ ಬಿಟ್ಟುಬಿಡಬಹುದು. ಸ್ಕ್ರೂ ತಲೆ ಚರ್ಮಕ್ಕೆ ತಾಗಿ ನೋವು, ಮಂಡಿ ಮುಂದಿನ ನೋವು, ಸೋಂಕು ಇದ್ದರೆ ತೆಗೆಯುವುದು. ಮಕ್ಕಳ ಟೆನ್ಸ್ ಕಡ್ಡಿ ಆರು ತಿಂಗಳಿಂದ ವರ್ಷದೊಳಗೆ ತೆಗೀತಾರೆ. ಟಿಬಿಯಾ ನೇಲ್ ತೆಗೆಯುವುದೇ ಆದರೆ ಒಂದೂವರೆ ವರ್ಷದ ಮೇಲೆ.
ತೆಗೆಯುವುದು ಹಾಕಿದ್ದಕ್ಕಿಂತ ಸುಲಭ ಎಂದುಕೊಳ್ಳಬೇಡಿ. 3.5 ಸ್ಕ್ರೂಗೆ 2.5 ಮಿ.ಮೀ. ಷಟ್ಕೋನ ಡ್ರೈವರ್, 4.5ಕ್ಕೆ 3.5. ಕೆಲವು ಲಾಕಿಂಗ್ ಸ್ಕ್ರೂಗೆ ನಕ್ಷತ್ರ ತಲೆ, ಟಿ15 ಅಥವಾ ಟಿ25. ನೇಲ್ ಎಳೆಯುವ ಬೋಲ್ಟಿನ ತಿರುಪು ಕಂಪನಿಯಿಂದ ಕಂಪನಿಗೆ ಬೇರೆ. ಸ್ಟಿಕ್ಕರ್ ಇಲ್ಲದೆ ಬಂದರೆ ಹೊಂದುವ ಸಲಕರಣೆ ತರಿಸುವುದೇ ಒಂದು ಕೆಲಸ. ಟೈಟಾನಿಯಂ ಲಾಕಿಂಗ್ ಸ್ಕ್ರೂಗಳು ಪ್ಲೇಟಿಗೆ ಕಚ್ಚಿಕೊಂಡು ಬಿಡ್ತವೆ. ಹಾಕುವಾಗ ಟಾರ್ಕ್ (ತಿರುಗಿಸುವ ಬಲ) ಮಿತಿಯ ಹಿಡಿ ಬಳಸದೆ ಕೈಬಲದಲ್ಲಿ ಬಿಗಿದರೆ, ಅಥವಾ ತಿರುಪು ಓರೆಯಾಗಿ ಹತ್ತಿದರೆ ಹೀಗಾಗುವುದು. 3.5ಕ್ಕೆ 1.5 ನ್ಯೂಟನ್ ಮೀಟರ್, 5.0ಕ್ಕೆ 4. ತಲೆ ಹರಿದರೆ ಎಡತಿರುಪಿನ ಶಂಕು ಎಕ್ಸ್‌ಟ್ರಾಕ್ಟರ್, ಅದಕ್ಕೂ ಬಗ್ಗದಿದ್ದರೆ ಕಾರ್ಬೈಡ್ ಬಿಟ್‌ನಿಂದ ತಲೆ ಕೊರೆದು ತೆಗೆಯುವುದು.

ದೇವಿಮನೆ_ಘಟ್ಟ
ಮುಂಗೈ ಪ್ಲೇಟಿಗೆ ವಿಶೇಷ ಎಚ್ಚರ. ಒಂದೂವರೆ ಎರಡು ವರ್ಷದೊಳಗೆ ತೆಗೆದರೆ ಅದೇ ಜಾಗ ಮತ್ತೆ ಮುರಿಯುವುದು ಹೆಚ್ಚು. ಸ್ಕ್ರೂ ತೆಗೆದ ತೂತುಗಳು ತುಂಬಲು ತಿಂಗಳುಗಳು ಬೇಕು. ತೆಗೆಸಿದ ಮೇಲೆ ಕನಿಷ್ಠ ಆರು ವಾರ ಭಾರ ಎತ್ತುವುದು ಬೇಡ, ಮೂರು ನಾಲ್ಕು ತಿಂಗಳು ಮರ, ದೋಣಿಯ ವಿಂಚ್, ಬೈಕಿನ ದೂರ ಪ್ರಯಾಣ ಬೇಡ. ತೆಗೆಯುವ ಮೊದಲಿನ ಮತ್ತು ನಂತರದ ಎಕ್ಸ್-ರೇ ಎರಡನ್ನೂ ಇಟ್ಟುಕೊಳ್ಳಿ, ತೂತುಗಳು ತುಂಬಿದವಾ ಎಂದು ಮೂರನೆಯ ತಿಂಗಳಲ್ಲಿ ಹೋಲಿಸಿ ನೋಡಲು ಬೇಕಾಗ್ತದೆ.